ದೇಶಕ್ಕಿಂತ ಮೊದಲು ಶಾಲೆ ನೋಡಿ

‘ಸರ್, ಥೈಲ್ಯಾಂಡಿನ್ಯಾಗ ಇಂಗ್ಲಿಷ್ ಕಲಿಸೋ ನೌಕರಿ ಐತಂತ್ರಿ. ಹೋಗಲ್ಯೋ ಬ್ಯಾಡೋ?’

ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿದವರಿಂದ ಇಂಥ ಪ್ರಶ್ನೆ ಬಂದಾಗ ನನಗೆ ಸಂತೋಷವಾಗುತ್ತದೆ. ಸಪ್ತಾಪುರದ ಕೋಚಿಂಗ್ ಕೇಂದ್ರಗಳಲ್ಲಿ ಸರಕಾರಿ ನೌಕರಿಗಾಗಿ ವರ್ಷಗಟ್ಟಲೆ ಓದುವ ಊರಿನಲ್ಲಿ ಬೇರೆ ದಾರಿ ಯೋಚಿಸುವುದಕ್ಕೂ ಧೈರ್ಯ ಬೇಕು. ಆದರೆ ಮಾತು ಬಹುಬೇಗ ಯಾವ ದೇಶ, ಎಷ್ಟು ಪಗಾರ ಎನ್ನುವ ಕಡೆಗೆ ಹೊರಳುತ್ತದೆ. ಮೊದಲ ನೌಕರಿಗೆ ಇವೆರಡೂ ಆಮೇಲಿನವು. ಪಾಠ ಮಾಡುವುದನ್ನು ನನಗೆ ಅಲ್ಲಿ ಯಾರು ಕಲಿಸುತ್ತಾರೆ? ಮೊದಲು ಕೇಳಬೇಕಾದದ್ದು ಇದು.

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ವಿ.ಕೃ. ಗೋಕಾಕರು 1931ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಕೆಲವು ವರ್ಷ ಅಲ್ಲಿ ಪಾಠ ಮಾಡಿದ ಮೇಲೆಯೇ ಆಕ್ಸ್‌ಫರ್ಡಿಗೆ ಹೋದರು. ಮುಂದೆ ಹೈದರಾಬಾದಿನಲ್ಲಿ ಇಂಗ್ಲಿಷ್ ಶಿಕ್ಷಕರನ್ನು ತರಬೇತುಗೊಳಿಸುವ ಕೇಂದ್ರ ಸಂಸ್ಥೆಗೆ ನಿರ್ದೇಶಕರೂ ಆದರು. ತರಗತಿ ಮೊದಲು, ಸಮುದ್ರ ಆಮೇಲೆ: ಈ ಕ್ರಮವನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಹೊರಡುವ ಮುನ್ನ ಒಂದು ವರ್ಷ ಇಲ್ಲಿಯೇ ಪಾಠ ಮಾಡಿ. ಹುಬ್ಬಳ್ಳಿಯ ಹುಡುಗರಿಗೆ ತಿಳಿಯದಿದ್ದರೆ ತಟ್ಟನೆ ಕನ್ನಡಕ್ಕೆ ಬರುತ್ತೀರಿ. ಬ್ಯಾಂಕಾಕಿನಲ್ಲಿ ಆ ಆಸರೆ ಇರುವುದಿಲ್ಲ. ಅದಕ್ಕೆ ದಿನಕ್ಕೆ ಇಪ್ಪತ್ತು ನಿಮಿಷವಾದರೂ ಕನ್ನಡವಿಲ್ಲದೆ, ಚಿತ್ರ, ಅಭಿನಯ, ಸಣ್ಣ ವಾಕ್ಯಗಳಿಂದಲೇ ಅರ್ಥ ಮಾಡಿಸಿ. ಮೊಬೈಲಿನಲ್ಲಿ ಧ್ವನಿ ಹಿಡಿದಿಟ್ಟು ಸಂಜೆ ಕೇಳಿ. ಮಕ್ಕಳಿಗಿಂತ ನೀವೇ ಹೆಚ್ಚು ಮಾತಾಡಿರುತ್ತೀರಿ. ಅದನ್ನು ಇಳಿಸುತ್ತ ಬನ್ನಿ. ಹಿರಿಯ ಶಿಕ್ಷಕರೊಬ್ಬರನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ, ತಪ್ಪು ಹೇಳಿಸಿಕೊಳ್ಳಿ. ಇಂಗ್ಲಿಷ್ ಬೋಧಕರಿಗೆ ಕೊಡುವ ಸೆಲ್ಟಾ ಪ್ರಮಾಣಪತ್ರಕ್ಕೆ ಬೆಲೆ ಬಂದದ್ದೂ ಹೀಗೆಯೇ: ಅದರಲ್ಲಿ ನಿಜವಾದ ವಿದ್ಯಾರ್ಥಿಗಳಿಗೆ ಆರು ಗಂಟೆ ಪಾಠ ಮಾಡಬೇಕು, ತರಬೇತುದಾರರು ಕೂತು ನೋಡುತ್ತಾರೆ. ಬರೀ ಆನ್‌ಲೈನ್ ಪರೀಕ್ಷೆ ಬರೆಸಿ ಕೊಡುವ ಅಗ್ಗದ ಪತ್ರಗಳಲ್ಲಿ ಈ ಭಾಗವೇ ಇರುವುದಿಲ್ಲ.

ಬಾಗಿಲು ಎಲ್ಲ ಕಡೆ ಸಮನಾಗಿ ತೆರೆದಿಲ್ಲ. ದಕ್ಷಿಣ ಕೊರಿಯಾ ಇಂಗ್ಲಿಷ್ ಬೋಧಕರ ವೀಸಾವನ್ನು ಮುಖ್ಯವಾಗಿ ಅಮೆರಿಕ, ಬ್ರಿಟನ್ ಮೊದಲಾದ ಏಳು ದೇಶಗಳವರಿಗೆ ಕೊಡುತ್ತದೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ನಿಮ್ಮ ಇಂಗ್ಲಿಷಿನ ಕೊರತೆಯೆಂದು ಕುಗ್ಗಬೇಡಿ. ಕೊಲ್ಲಿ ದೇಶಗಳ ಸಿಬಿಎಸ್‌ಇ ಶಾಲೆಗಳು ನಮ್ಮವರನ್ನು ಕರೆಯುತ್ತವೆ, ಆದರೆ ಬಿ.ಎಡ್. ಕೇಳುತ್ತವೆ.

ಕರಾರುಪತ್ರವನ್ನು ಪೂರ್ತಿ ಓದುವುದು ಕೂಡ ಅಭ್ಯಾಸದ ಮಾತು. ವಾರಕ್ಕೆಷ್ಟು ತಾಸು, ಯಾವ ವಯಸ್ಸಿನ ಮಕ್ಕಳು, ನಡುವೆ ಬಿಟ್ಟರೆ ಏನು ಎಂದು ವಿನಯದಿಂದ ಬರೆದು ಕೇಳಿ. ಅಲ್ಲಿ ಹಿಂದೆ ಕೆಲಸ ಮಾಡಿ ಬಿಟ್ಟ ಶಿಕ್ಷಕರೊಬ್ಬರೊಡನೆ ಮಾತಾಡಿಸಿ ಎನ್ನಿ. ಒಳ್ಳೆಯ ಶಾಲೆ ಇದಕ್ಕೆ ಸಿಟ್ಟಾಗುವುದಿಲ್ಲ. ಏಜೆಂಟರ ಮೂಲಕ ಹೋಗುವುದಾದರೆ ಅವರ ನೋಂದಣಿಯನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಪರಿಶೀಲಿಸಿ. ಅವರು ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಥೈಲ್ಯಾಂಡಿನ ನೌಕರಿಯೆಂದು ಕರೆದೊಯ್ದು ಮ್ಯಾನ್ಮಾರಿನ ವಂಚಕ ಜಾಲಗಳಿಗೆ ಒಪ್ಪಿಸಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲಿಯೇ ಎಚ್ಚರಿಸಿದೆ.

ಪ್ರವಾಸಿ ವೀಸಾದಲ್ಲಿ ಬನ್ನಿ, ಉಳಿದದ್ದು ಆಮೇಲೆ ನೋಡೋಣ ಎಂದವರಿಗೆ ಒಲ್ಲೆ ಎನ್ನಿ. ಟಿಕೆಟ್ ತೆಗೆದಾಗಿದ್ದರೂ ಒಲ್ಲೆ ಎನ್ನಿ.