ವಿಷ, ಔಷಧ ಮತ್ತು ಯುಕ್ತಿ

ನಿಸರ್ಗದಿಂದ ಬಂದದ್ದೆಲ್ಲ ಹಿತಕರವೇ ಎಂಬ ಹಳೆಯ ಪ್ರಶ್ನೆ ಶ್ವಾಸಕೋಶದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ತೀಕ್ಷ್ಣವಾಗಿ ಎದುರಾಗುತ್ತದೆ. ಏಕೆಂದರೆ ಈ ರೋಗಕ್ಕೆ ಬಹುಮಟ್ಟಿಗೆ ಕಾರಣವಾದ ತಂಬಾಕೂ ಸಸ್ಯವೇ, ಅದಕ್ಕೆ ಬಳಸುವ ಹಲವು ಔಷಧಗಳ ಮೂಲವೂ ಸಸ್ಯವೇ. ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯಿಂದ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಬೇರ್ಪಡಿಸಿ 1971ರಲ್ಲಿ ರಚನೆಯನ್ನು ಪ್ರಕಟಿಸಿದ ಪ್ಯಾಕ್ಲಿಟ್ಯಾಕ್ಸೆಲ್, ಜೀವಕೋಶ ಇಬ್ಭಾಗವಾಗುವಾಗ ವರ್ಣತಂತುಗಳನ್ನು ಎರಡು ಬದಿಗೆ ಸೆಳೆಯುವ ಸೂಕ್ಷ್ಮನಾಳಿಕೆಗಳನ್ನು ಬಿಗಿಗೊಳಿಸಿ ವಿಭಜನೆಯನ್ನೇ ತಡೆಯುತ್ತದೆ. ನಿತ್ಯಪುಷ್ಪದ ಸಂಯುಕ್ತಗಳಿಂದ ತಯಾರಾಗುವ ವಿನೊರೆಲ್ಬಿನ್ ಆ ನಾಳಿಕೆಗಳು ಕಟ್ಟಿಕೊಳ್ಳದಂತೆ ಮಾಡುತ್ತದೆ. ಮನುಷ್ಯನ ಹಿತವನ್ನು ನೆನೆದು ಯಾವ ಗಿಡವೂ ಇವನ್ನು ರೂಪಿಸಿಕೊಂಡಿಲ್ಲ. ಕೀಟ, ಶಿಲೀಂಧ್ರ, ಮೇಯುವ ಪ್ರಾಣಿಗಳಿಂದ ಗಿಡವನ್ನು ಕಾಯುವ ಬಗೆಯ ವಿಷಗಳಿವು. ಕ್ಯಾನ್ಸರ್ ಕೋಶವನ್ನು ಕೊಲ್ಲುವ ಗುಣವೇ ರೋಗಿಯ ಅಸ್ಥಿಮಜ್ಜೆಯನ್ನೂ ಕೂದಲ ಬುಡವನ್ನೂ ಘಾಸಿಗೊಳಿಸುತ್ತದೆ.

ತಕ್ಷಶಿಲೆಯ ಸುತ್ತ ಔಷಧವಲ್ಲದ ಗಿಡವನ್ನು ಹುಡುಕಿಹೋದ ವೈದ್ಯವಿದ್ಯಾರ್ಥಿ ಜೀವಕ ಬರಿಗೈಯಲ್ಲಿ ಮರಳಿದನೆಂದು ಬೌದ್ಧರ ವಿನಯಪಿಟಕ ಹೇಳುತ್ತದೆ. ಎಲ್ಲ ಗಿಡಗಳೂ ಒಳ್ಳೆಯವೆಂಬ ಅಭಯವನ್ನು ಈ ಕಥೆಯಿಂದ ಪಡೆಯಲು ಬಾರದು. ಆಯುರ್ವೇದದ ಚರಕಸಂಹಿತೆಯಂತೂ ಔಷಧವಲ್ಲದ ದ್ರವ್ಯವಿಲ್ಲವೆಂದು ಒಪ್ಪುತ್ತಲೇ, ಯುಕ್ತಿ ಮತ್ತು ಅರ್ಥ, ಎಂದರೆ ಪ್ರಮಾಣ-ಕಾಲಗಳನ್ನು ಅರಿತ ಯೋಜನೆ ಹಾಗೂ ಸಾಧಿಸಬೇಕಾದ ಪ್ರಯೋಜನ, ಎಂಬ ಎರಡು ಕಟ್ಟುಗಳನ್ನು ಆ ಮಾತಿಗೆ ಹಾಕುತ್ತದೆ. ಯುಕ್ತಿಯಿದ್ದರೆ ಕಡುವಿಷವೂ ಔಷಧ, ಯುಕ್ತಿ ತಪ್ಪಿದರೆ ಔಷಧವೂ ವಿಷ ಎಂಬುದು ಅದರ ನಿಲುವು. ಈ ನಿಲುವಿಗೆ ಆಧುನಿಕ ಕಾಲ ನೋವಿನ ಸಾಕ್ಷ್ಯವನ್ನೇ ಒದಗಿಸಿದೆ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಪುರುಷರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ-ಕ್ಯಾರೊಟಿನ್ ಅನ್ನು ಮಾತ್ರೆಯಾಗಿ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಗ್ಗುವ ಬದಲು ಶೇ. 18ರಷ್ಟು ಹೆಚ್ಚಾಗಿ ಕಂಡುಬಂತು. ಅರಿಶಿನದ ಕರ್ಕ್ಯುಮಿನ್ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು ನಿಜ, ಆದರೆ ಸೇವಿಸಿದ್ದರಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಇದನ್ನು ಮುಚ್ಚಿಟ್ಟು, ಚಿಕಿತ್ಸೆ ಬಿಟ್ಟು ಅರಿಶಿನವನ್ನೇ ನಂಬೆಂದು ರೋಗಿಗೆ ಹೇಳುವುದು ಪರಂಪರೆಯ ಹೆಸರಿನಲ್ಲಿ ಆತನ ಆಯುಷ್ಯಕ್ಕೆ ಬಗೆಯುವ ದ್ರೋಹ.

ಯುಕ್ತಿಯ ಲೆಕ್ಕದಲ್ಲಿ ರೋಗಿಯ ದೇಹವಷ್ಟೇ ಸಾಲದು, ಮರವೂ ಸೇರಬೇಕು. ತೊಗಟೆ ಸುಲಿದರೆ ಯೂ ಮರ ಸಾಯುತ್ತದೆ. ಯೂರೋಪಿನ ಯೂ ಮರದ ಎಲೆಗಳಿಂದ ಮೂಲದ್ರವ್ಯವನ್ನು ಪಡೆದು ಪ್ಯಾಕ್ಲಿಟ್ಯಾಕ್ಸೆಲ್ ತಯಾರಿಸುವ ವಿಧಾನ ಸಿದ್ಧವಾದ ಮೇಲೆ ಆ ಹತ್ಯೆಯ ಅಗತ್ಯ ತಪ್ಪಿತು. ಶ್ವಾಸಕೋಶದ ಸಣ್ಣಕೋಶ ಕ್ಯಾನ್ಸರಿಗೆ ಕೊಡುವ ಟೊಪೊಟೆಕಾನ್‌ನ ಮೂಲವಸ್ತು ಕ್ಯಾಂಪ್ಟೊಥೆಸಿನ್ ಪಶ್ಚಿಮಘಟ್ಟದ ನೊಥಪೊಡೈಟಿಸ್ ಮರದಲ್ಲಿಯೂ ಇದೆ, ಅದಕ್ಕಾಗಿಯೇ ಕಡಿದು ಕಡಿದು ಆ ಮರ ಕಾಡಿನಲ್ಲಿ ವಿರಳವಾಗುತ್ತಿದೆ.