ಸಂಕಲ್ಪವಿಲ್ಲದ ಹಿಂಸೆ

ಕೊಲ್ಲುವ ಸಂಕಲ್ಪವಿಲ್ಲದೆ ಒದಗಿದ ಮರಣಕ್ಕೆ ಹೊಣೆ ಯಾರು? ಈ ಹಳೆಯ ಪ್ರಶ್ನೆಯು ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಹೊಸತಾಗಿ ಎದ್ದಿದೆ. ಅಲ್ಲಿನ 'ರೈಟ್' ತಿಮಿಂಗಿಲವು ಮಂದಗಾಮಿ, ಸತ್ತರೆ ತೇಲುವುದು. ಬೇಟೆಗೆ ತಕ್ಕುದಾದ್ದರಿಂದಲೇ ಆ ಹೆಸರೆಂದು ಹೇಳುವರು. (ಹೆಸರಿಟ್ಟವರ ನಿಸ್ಸಂಕೋಚವನ್ನು ಮೆಚ್ಚಬೇಕು!) 1935ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದಿಂದ ಅದರ ಬೇಟೆಯು ನಿಷಿದ್ಧವಾಯಿತು. ಆದರೂ ಇಂದು ಉಳಿದಿರುವುವು ನಾನೂರಕ್ಕೂ ಕಡಮೆ.

ಹಡಗುಗಳ ಬಡಿತವು ಇದಕ್ಕೊಂದು ಕಾರಣ, ಹಗ್ಗವು ಮತ್ತೊಂದು. ಅಮೆರಿಕೆಯ ಮೇಯ್ನ್ ಕರಾವಳಿಯಲ್ಲಿಯೂ ಕೆನಡದಲ್ಲಿಯೂ ಲಾಬ್‌ಸ್ಟರ್, ಏಡಿಗಳನ್ನು ಹಿಡಿಯಲು ಕಡಲತಳದಲ್ಲಿ ಬೋನುಗಳನ್ನಿಟ್ಟು, ಅಲ್ಲಿಂದ ನೀರಮೇಲಣ ತೇಲುಬುರುಡೆಗೆ ಹಗ್ಗ ಕಟ್ಟುವರು. ಅದು ಬಾಯಿಗೋ ಈಜುರೆಕ್ಕೆಗೋ ಸುತ್ತಿಕೊಂಡರೆ, ಪ್ರಾಣಿಯು ಅದನ್ನೆಳೆಯುತ್ತಲೇ ತಿಂಗಳುಗಟ್ಟಲೆ ಸೊರಗಿ ಸಾಯುವುದುಂಟು. ನೂರಕ್ಕೆ 85ಕ್ಕೂ ಹೆಚ್ಚು ತಿಮಿಂಗಿಲಗಳು ಒಮ್ಮೆಯಾದರೂ ಹೀಗೆ ಸಿಕ್ಕಿಕೊಂಡಿವೆ.

ಬೆಸ್ತನು ನಿರ್ದಯನಲ್ಲ, ಅವನು ಆ ತಿಮಿಂಗಿಲವನ್ನು ಕಂಡೇ ಇರಲಾರನು. ಅರಿಯದೆ ಮಾಡಿದುದಕ್ಕೆ ಕ್ಷಮೆಯುಂಟು, ಸರಿಯಷ್ಟೆ. ಆದರೆ ಅರಿತ ಮೇಲೆ? ನೀರಿನಲ್ಲಿ ಹಗ್ಗವನ್ನು ನಿಲ್ಲಿಸದೆ, ಸಂಕೇತ ಕೊಟ್ಟಾಗ ಮಾತ್ರ ಮೇಲೇಳುವ ಬೋನುಗಳು ಈಗ ಉಂಟು. ಬೆಲೆ ಮಾತ್ರ ಬಹಳ. 2022ರ ಕೊನೆಯಲ್ಲಿ ಅಮೆರಿಕೆಯ ಕಾಂಗ್ರೆಸ್ಸು ಹೊಸ ನಿರ್ಬಂಧಗಳನ್ನು 2028ರ ಅಂತ್ಯಕ್ಕೆ ಮುಂದೂಡಿತು. ಬೆಸ್ತನ ಅನ್ನದ ಚಿಂತೆಯು ನ್ಯಾಯವಾದುದೇ. ಆದರೆ ಆ ವೆಚ್ಚವನ್ನು ಅವನೊಬ್ಬನೇ ಹೊರಬೇಕೆಂದು ಯಾರು ವಿಧಿಸಿದರು? ಲಾಬ್‌ಸ್ಟರಿನ ಬೆಲೆಯು ತುಸು ಏರಲಿ; ದೂರದ ಭೋಜನಶಾಲೆಯಲ್ಲಿ ಅದನ್ನು ಸವಿಯುವವನೂ ತನ್ನ ಪಾಲನ್ನು ತೆರಲಿ.