ಬಾಗಿಲು ತಟ್ಟುವ ಧರ್ಮ

ದಿಂಡಿಗಲ್ಲಿನ ಬೀಗವನ್ನು ಕಾಣದ ಮನೆ ನಮ್ಮ ಸೀಮೆಯಲ್ಲಿ ವಿರಳ. ಅರದಿಂದ ಉಜ್ಜಿ, ಒಳಗಿನ ಲಿವರುಗಳನ್ನು ಒಂದೊಂದಾಗಿ ಹೊಂದಿಸಿ, ಕೈಯಿಂದಲೇ ರೂಪಿಸುವ ಆ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಬೀಗವನ್ನು ಗಟ್ಟಿಯಾಗಿ ಮಾಡಬಲ್ಲವನು ಬೀಗದಕೈ ಇಲ್ಲದೆ ಅದನ್ನು ತೆರೆಯುವ ಬಗೆಯನ್ನೂ ಬಲ್ಲನು. ಬಲ್ಲನಾದುದರಿಂದಲೇ ಗಟ್ಟಿಯಾಗಿ ಮಾಡಬಲ್ಲನು. ಒಂದೇ ವಿದ್ಯೆ ಕಾವಲಿಗೂ ಕಳವಿಗೂ ಒದಗುವುದಾದರೆ, ಅದನ್ನು ಕಲಿಯುವುದು, ಕಲಿಸುವುದು, ಅದಕ್ಕೆ ಬೇಕಾದ ಉಪಕರಣಗಳನ್ನು ಮಾಡಿ ಲೋಕದ ಕೈಗೆ ಕೊಡುವುದು ಧರ್ಮವೇ? ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದ ನಮಗೆ ಈ ಪ್ರಶ್ನೆ ಕಳೆದ ಸಂಕ್ರಾಂತಿಯಲ್ಲಿ ಹೊಸದಾಗಿ ಎದುರಾಯಿತು.

ಕೊಯಮತ್ತೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಮೊಮ್ಮಗ ಹಬ್ಬಕ್ಕೆಂದು ಕಂಬಂಗೆ ಬಂದಿದ್ದ. “ತಾತ, ನಮ್ಮ ಮನೆಯ ಬಾಗಿಲುಗಳನ್ನು ಎಣಿಸಲೇ?” ಎಂದು ಕೇಳಿದ. ಇರುವುದು ಎರಡೇ ಬಾಗಿಲಪ್ಪಾ ಎಂದೆವು. ಅವನು ನಕ್ಕು, ವೈಫೈಗೆ ಸೇರಿದ ಒಂದೊಂದು ಯಂತ್ರಕ್ಕೂ ‘ಪೋರ್ಟ್’ ಎಂಬ 65,000ಕ್ಕೂ ಮಿಕ್ಕ ಬಾಗಿಲುಗಳುಂಟೆಂದೂ, ಅವುಗಳಲ್ಲಿ ಯಾವುವು ತೆರೆದಿವೆ ಎಂದು ತಟ್ಟಿ ನೋಡುವ ‘ಎನ್‌ಮ್ಯಾಪ್’ ಎಂಬ ಉಪಕರಣ ತನ್ನ ಬಳಿ ಇದೆಯೆಂದೂ ವಿವರಿಸಿದ.

ಈ ಉಪಕರಣವನ್ನು ಅಮೆರಿಕದ ಗಾರ್ಡನ್ ಲಯನ್ ಎಂಬವರು 1997ರ ಸೆಪ್ಟೆಂಬರಿನಲ್ಲಿ ಎಲ್ಲರೂ ಓದಿ ತಿದ್ದಬಹುದಾದ ರೀತಿಯಲ್ಲಿ ಪ್ರಕಟಿಸಿದರು. ರಷ್ಯದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿಯಿಂದ ಎತ್ತಿಕೊಂಡ ‘ಫ್ಯೊದೋರ್’ ಎಂಬುದು ಅವರ ಅಂಕಿತ. ಅಪರಾಧ ಮತ್ತು ಶಿಕ್ಷೆಯನ್ನು ಅಷ್ಟು ಆಳವಾಗಿ ಚಿಂತಿಸಿದ ಲೇಖಕನ ಹೆಸರು ಈ ಕೆಲಸಕ್ಕೆ ಒಪ್ಪುತ್ತದೆ ಎಂದು ನಮಗೆ ತೋರಿತು. ಮೊದಮೊದಲು ಇದು ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನಷ್ಟೇ ಹೇಳುತ್ತಿತ್ತು. ಬಳಿಕ ಒಳಗಿರುವ ತಂತ್ರಾಂಶ ಯಾವುದೆಂದು ಗುರುತಿಸಲೂ ಕಲಿಯಿತು. ಆದರೆ ತಂತ್ರಾಂಶಗಳಲ್ಲಿ ಹೊಸ ಹೊಸ ಲೋಪಗಳು ಕಾಣುತ್ತಲೇ ಇರುತ್ತವೆ. ಒಂದೊಂದಕ್ಕೂ ಉಪಕರಣವನ್ನೇ ಬಿಚ್ಚಿ ತಿದ್ದುವುದು ಆಗದ ಮಾತು. ಆದಕಾರಣ 2006ರಲ್ಲಿ, ವಿದ್ಯಾರ್ಥಿಗಳಿಗೆ ಬೇಸಿಗೆಯಲ್ಲಿ ಕೆಲಸ ಕೊಡುವ ಗೂಗಲ್ ಸಂಸ್ಥೆಯ ಯೋಜನೆಯಡಿ, ಡಿಮನ್ ತೊದೊರೊವ್ ಎಂಬವರು ಲಯನ್ನರೊಡಗೂಡಿ ಅದಕ್ಕೊಂದು ‘ಸ್ಕ್ರಿಪ್ಟಿಂಗ್ ಎಂಜಿನ್’ ರೂಪಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಅದು ಉಪಕರಣದೊಳಗೆ ಸೇರಿತು. ಅಂದಿನಿಂದ ಯಾರು ಬೇಕಾದರೂ ತಾವು ಕೇಳಬೇಕೆಂದಿರುವ ಪ್ರಶ್ನೆಯನ್ನು ‘ಲೂವಾ’ ಎಂಬ ಪುಟ್ಟ ಗಣಕಭಾಷೆಯಲ್ಲಿ ಬರೆದು ಸೇರಿಸಬಹುದಾಯಿತು. ಲೂವಾ 1993ರಲ್ಲಿ ಬ್ರೆಜಿಲ್ ದೇಶದಲ್ಲಿ ಹುಟ್ಟಿದುದು. ಪೋರ್ಚುಗೀಸ್ ನುಡಿಯಲ್ಲಿ ಅದಕ್ಕೆ ಚಂದ್ರನೆಂದು ಅರ್ಥ. ಇಂದು ಇಂತಹ ಸುಮಾರು 600 ಸ್ಕ್ರಿಪ್ಟುಗಳು ಉಪಕರಣದೊಡನೆಯೇ ಬರುತ್ತವೆ.

ಮೊಮ್ಮಗ ಒಂದು ಸ್ಕ್ರಿಪ್ಟನ್ನು ನಮಗೆ ಓದಿ ತೋರಿಸಿದ. ತಲೆಯಲ್ಲಿ ಅದು ಮಾಡುವ ಕೆಲಸದ ವಿವರಣೆ, ಬರೆದವರ ಹೆಸರು, ಅದರ ವರ್ಗ, ಮುಂದೆ ‘ನಿಯಮ’, ಅನಂತರ ‘ಕ್ರಿಯೆ’. ನಿಯಮವು ಹೌದೆಂದ ಹೊರತು ಕ್ರಿಯೆ ನಡೆಯದು. ಎಷ್ಟು ಸೊಗಸಾದ ಕ್ರಮವೆಂದು ಮೆಚ್ಚಿದೆವು. ಆದರೆ ಸ್ವಲ್ಪ ಯೋಚಿಸಿದಾಗ ಒಂದು ಕೊರತೆ ಹೊಳೆಯಿತು. ಈ ಬಾಗಿಲು ತನ್ನ ಪ್ರಶ್ನೆಗೆ ತಕ್ಕುದೇ ಎಂದು ಆ ನಿಯಮ ಕೇಳುತ್ತದೆ. ತಟ್ಟಲು ನಿನಗೆ ಅಧಿಕಾರವಿದೆಯೇ ಎಂದು ಕೇಳುವುದಿಲ್ಲ, ಕೇಳಲಾರದು. ಆ ಒಂದು ನಿಯಮವನ್ನು ಯಂತ್ರದ ಹೊರಗೆ, ಮನುಷ್ಯನೇ ಬರೆದುಕೊಳ್ಳಬೇಕು.

ಹಾಗೆಂದು ನಿರ್ಮಿಸಿದವರು ಕೈತೊಳೆದುಕೊಂಡಿಲ್ಲ. ಸ್ಕ್ರಿಪ್ಟುಗಳನ್ನು ಅವರು ವರ್ಗೀಕರಿಸಿದ್ದಾರೆ. ಜಾಲಪುಟದ ಶೀರ್ಷಿಕೆಯನ್ನು ಓದುವಂಥದು ‘ನಿರಪಾಯ’ ವರ್ಗಕ್ಕೆ ಸೇರುತ್ತದೆ. ಕಾರ್ಖಾನೆಯ ಪಾಸ್‌ವರ್ಡುಗಳನ್ನು ಹಾಕಿ ಒಳಹೊಕ್ಕು ನೋಡುವಂಥದು ‘ಅತಿಕ್ರಮಣ’ ವರ್ಗಕ್ಕೆ. ಪರಿಚಯವಿಲ್ಲದವರು ಬರೆದ ಸ್ಕ್ರಿಪ್ಟನ್ನು ಪರಿಶೀಲಿಸದೆ ಓಡಿಸಬೇಡಿ, ಅದು ನಿಮ್ಮ ಯಂತ್ರವನ್ನೇ ಕೆಡಿಸೀತು ಎಂದೂ ಅವರ ಕೈಪಿಡಿ ಎಚ್ಚರಿಸುತ್ತದೆ. ಇತರರು ಬೆಳೆಸಬಹುದಾದ ಉಪಕರಣವನ್ನು ಕೊಡುವವನ ಮೊದಲ ಕರ್ತವ್ಯ ಇದೇ: ಒಂದೊಂದು ಕೆಲಸವನ್ನೂ ಅದರ ನಿಜವಾದ ಹೆಸರಿನಿಂದ ಕರೆಯುವುದು. ಔಷಧಕ್ಕೆ ಔಷಧವೆಂದೂ ವಿಷಕ್ಕೆ ವಿಷವೆಂದೂ ಚೀಟಿ ಅಂಟಿಸಿದವನು ತನ್ನ ಪಾಲಿನ ಋಣವನ್ನು ಬಹುಮಟ್ಟಿಗೆ ತೀರಿಸಿದನು. ಉಳಿದುದು ಬಳಸುವವನ ಪಾಲು.

ನಮ್ಮ ಮನೆಯಲ್ಲಿ ಪರೀಕ್ಷೆ ನಡೆಯಿತು. ರೌಟರ್‌ನಲ್ಲಿ ಕಾರ್ಖಾನೆಯ ಪಾಸ್‌ವರ್ಡೇ ಇನ್ನೂ ಉಳಿದಿದ್ದುದು ತಿಳಿದು ಬದಲಾಯಿಸಿದೆವು. ಅಲ್ಲಿಗೆ ನಿಲ್ಲದೆ ಹುಡುಗ, ನೆರೆಮನೆಯ ಮಾಮನದನ್ನೂ ನೋಡಿಬಿಡಲೇ ಎಂದ. ದ್ರಾಕ್ಷಿ ವ್ಯಾಪಾರಿಯಾದ ಆ ಬಂಧುಗಳು, ನಮ್ಮ ಸಂಪರ್ಕ ಕೈಕೊಟ್ಟಾಗ ಬಳಸಿಕೊಳ್ಳಿರೆಂದು ತಮ್ಮ ವೈಫೈಯ ಪಾಸ್‌ವರ್ಡನ್ನು ನಮಗೆ ಕೊಟ್ಟಿದ್ದರು. “ಅವರೇ ಕೊಟ್ಟಿದ್ದಾರಲ್ಲ ತಾತ, ಒಳ್ಳೆಯದಕ್ಕೇ ತಾನೇ?” ಎಂಬುದು ಅವನ ವಾದ. ನಾವು ಹೇಳಿದೆವು: ಬಾವಿಯ ನೀರು ಸೇದಲು ಕೊಟ್ಟ ಅನುಮತಿ ಅಡುಗೆಮನೆಯ ಡಬ್ಬಿಗಳನ್ನು ತೆರೆದು ನೋಡಲು ಕೊಟ್ಟ ಅನುಮತಿಯಲ್ಲ, ಮೊದಲು ಹೋಗಿ ಕೇಳು.

ಹೀಗೆ ಹೇಳುವಾಗ ನಮ್ಮ ಹಳೆಯ ತಪ್ಪೊಂದು ಎದೆಯಲ್ಲಿ ಚುಚ್ಚಿತು. ದಿಂಡಿಗಲ್ ಕಡೆಯ ಒಂದು ಶಾಲೆಯಲ್ಲಿ ನಾವು ಮುಖ್ಯೋಪಾಧ್ಯಾಯರಾಗಿದ್ದಾಗ, ಬೀಗದ ಕೆಲಸಗಾರರ ಮಗನಾದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೋಣೆಗೆ ಬಂದು, ಪ್ರಶ್ನೆಪತ್ರಿಕೆ ಇಡುವ ಬೀರುವಿನ ಬೀಗ ಬಾಗಿದ ತಂತಿಯೊಂದಕ್ಕೆ ತೆರೆದುಕೊಳ್ಳುತ್ತದೆ ಎಂದ. ನಿನಗೆ ಹೇಗೆ ಗೊತ್ತು ಎಂದೆವು. ಹಿಂದಿನ ದಿನ ತೆರೆದು ನೋಡಿ, ಏನನ್ನೂ ಮುಟ್ಟದೆ ಮತ್ತೆ ಮುಚ್ಚಿದೆನೆಂದು ಒಪ್ಪಿಕೊಂಡ. ಎಲ್ಲರ ಮುಂದೆ ನಿಲ್ಲಿಸಿ ಬೆತ್ತದಿಂದ ಹೊಡೆದೆವು. ಅವನ ತಂದೆ ಬಂದು ಕೈಮುಗಿದು ನಿಂತರು. ಮರುವರ್ಷ ಆ ಹುಡುಗ ಬೇರೆ ಶಾಲೆಗೆ ಹೋದ. ನಾಚಿಕೆಯ ಸಂಗತಿಯೆಂದರೆ, ಆ ವರ್ಷವಿಡೀ ಬೀರುವಿಗೆ ಅದೇ ಬೀಗವಿತ್ತು. ಕೇಳದೆ ತೆರೆದುದು ಅವನ ತಪ್ಪು, ಸಂದೇಹವಿಲ್ಲ. ಆದರೆ ಅವನು ಆ ಗುಟ್ಟನ್ನು ಸಹಪಾಠಿಗಳಿಗೆ ಮಾರದೆ ನೇರವಾಗಿ ನಮ್ಮ ಬಳಿಗೇ ತಂದಿದ್ದ. ಅದನ್ನು ನಾವು ಎಣಿಕೆಗೆ ತೆಗೆದುಕೊಳ್ಳಲಿಲ್ಲ. ಬೀಗದ ದೋಷಕ್ಕೆ ಕೊಡಬೇಕಾದ ಗಮನವನ್ನು ನಮ್ಮ ಅಭಿಮಾನಕ್ಕೆ ಕೊಟ್ಟೆವು.

ದೋಷವನ್ನು ಅರಿಯದಿರುವುದೇ ರಕ್ಷೆಯಲ್ಲವೆಂಬುದಕ್ಕೆ ಲೋಕದಲ್ಲಿ ನಿದರ್ಶನವಿದೆ. 2017ರ ಮಾರ್ಚಿಯಲ್ಲಿ ಮೈಕ್ರೊಸಾಫ್ಟ್ ಸಂಸ್ಥೆ ವಿಂಡೋಸ್‌ನ ಒಂದು ಲೋಪಕ್ಕೆ ಪರಿಹಾರ ಪ್ರಕಟಿಸಿತು, ಅಳವಡಿಸಿಕೊಳ್ಳದವರು ಅನೇಕರು. ಮೇ ತಿಂಗಳಲ್ಲಿ ಅದೇ ಲೋಪದ ಮೂಲಕ ‘ವನ್ನಾಕ್ರೈ’ ಎಂಬ ಪಿಡುಗು ನುಗ್ಗಿತು. ಬ್ರಿಟನ್ನಿನ ಆಸ್ಪತ್ರೆಗಳ ಗಣಕಗಳೂ ಸ್ತಬ್ಧವಾದವು. ಆ ಲೋಪ ಇದೆಯೇ ಎಂದು ಯಂತ್ರಕ್ಕೆ ಹಾನಿಯಾಗದಂತೆ ನೋಡಿ ಹೇಳುವ ಸ್ಕ್ರಿಪ್ಟೂ ಎನ್‌ಮ್ಯಾಪ್‌ನಲ್ಲಿದೆ. ಆಸ್ಪತ್ರೆಯೊಂದರ ಅಧಿಕಾರಿಯ ಕೈಯಲ್ಲಿ ಅದು ಪ್ರಾಣ ಉಳಿಸುವ ವಿದ್ಯೆ. ಇತ್ತ ನಮ್ಮ ದೇಶದ 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ವಿಧಿ, ಗಣಕದ ಒಡೆಯನ ಅನುಮತಿಯಿಲ್ಲದೆ ಒಳಹೊಗುವವನನ್ನು ತಪ್ಪಿತಸ್ಥನೆನ್ನುತ್ತದೆ. ವಿದ್ಯೆಯನ್ನು ಅದು ನಿಷೇಧಿಸಲಿಲ್ಲ. ಅನುಮತಿಯನ್ನು ಗೆರೆಯಾಗಿ ಎಳೆಯಿತು. ನಮ್ಮ ಹಿರಿಯರೂ ಹೊಸಿಲಿನಾಚೆ ನಿಂತು ಕೂಗಿ, ಒಳಗಿನಿಂದ ಬನ್ನಿ ಎಂಬ ದನಿ ಬಂದ ಮೇಲೆಯೇ ಹೊಸಿಲು ದಾಟುತ್ತಿದ್ದರು.

ಮೊಮ್ಮಗ ನೆರೆಮನೆಗೆ ಹೋಗಿ ಕೇಳಿದ. ಬಂಧುಗಳು ಮುಖ ಗಂಟಿಕ್ಕಿ, ಏನೂ ಬೇಡವೆಂದರು. ಅವನು ಬೇಸರದಿಂದ ಹಿಂದಿರುಗಿದ. ಆದರೆ ಯಂತ್ರವನ್ನು ಮುಟ್ಟಲಿಲ್ಲ. ಅವನು ರಜೆ ಮುಗಿಸಿ ಹೊರಡುವ ಹಿಂದಿನ ಸಂಜೆ ಅವರೇ ಬಂದು, “ಲೆಕ್ಕದ ಕಂಪ್ಯೂಟರನ್ನು ಒಂದಿಷ್ಟು ನೋಡಪ್ಪಾ, ಹೇಗೆ ನೋಡುತ್ತೀ ಎಂದು ನನಗೂ ತೋರಿಸು” ಎಂದರು. ಇಬ್ಬರೂ ರಾತ್ರಿ ಊಟದ ಹೊತ್ತಿನವರೆಗೆ ಕುಳಿತಿದ್ದರು.

ನಾವು ಕಂಡುಕೊಂಡ ಉತ್ತರ ಇಷ್ಟೇ. ಪರೀಕ್ಷಿಸುವ ವಿದ್ಯೆ ಪಾಪವಲ್ಲ. ಅದನ್ನು ಬಲ್ಲವನು ಮೊದಲು ಕೇಳಬೇಕು, ಕಂಡುದನ್ನು ಒಡೆಯನಿಗೇ ಮೊದಲು ಹೇಳಬೇಕು. ಒಡೆಯನಾದವನು ಕೇಳಿಸಿಕೊಳ್ಳಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಬೀಗ ಸಡಿಲವಾಗಿಯೇ ಉಳಿಯುತ್ತದೆ. ಸಂಘದ ಬಂಧುಗಳ ಮನೆಗಳಲ್ಲಿ ಇಂತಹ ಮಕ್ಕಳು ಬೆಳೆಯುತ್ತಿದ್ದಾರೆ. ಅವರು ಬಂದು ‘ನಮ್ಮ ಬಾಗಿಲು ಸರಿಯಿಲ್ಲ’ ಎಂದಾಗ ಬೆತ್ತಕ್ಕೆ ಕೈ ಚಾಚದೆ, ಆ ಬಾಗಿಲನ್ನು ಒಮ್ಮೆ ನೋಡಿ ಬರೋಣ.